ಹೆಸರಿಲ್ಲದ ಡಬ್ಬಿಯ ಕ್ರೀಮನ್ನು ಕಣ್ಣಿನ ಹತ್ತಿರ ತರಬೇಡಿ

ಮೊದಲೇ ಹೇಳಿಬಿಡುತ್ತೇನೆ. ಪಾರ್ಲರ್‌ನಲ್ಲೋ ಫ್ಯಾನ್ಸಿ ಸ್ಟೋರ್‌ನಲ್ಲೋ ಯಾರಾದರೂ ಲೇಬಲ್ ಇಲ್ಲದ ಪುಟ್ಟ ಡಬ್ಬಿ ಕೊಟ್ಟು, "ಕಣ್ಣಿನ ಕೆಳಗೆ ಹಚ್ಚಿ, ವಾರದಲ್ಲಿ ಬೆಳ್ಳಗಾಗುತ್ತೆ" ಅಂದರೆ ತಗೋಬೇಡಿ. ನಾನು ತಗೊಂಡೆ. ಆಮೇಲೆ ಐದು ತಿಂಗಳು ಅನುಭವಿಸಿದೆ.

ನಮ್ಮ ಮನೆ ತುಮಕೂರಲ್ಲಿ, ಕೆಲಸ ಬೆಂಗಳೂರಲ್ಲಿ. ಬೆಳಗಿನ ರೈಲು ಹಿಡಿದು ಯಶವಂತಪುರದಲ್ಲಿ ಇಳಿಯುವವಳು, ವಾಪಸ್ ಮನೆ ಸೇರುವಾಗ ರಾತ್ರಿ ಎಂಟೂವರೆ. ಸೀಟು ಸಿಕ್ಕ ದಿನ ಕ್ಯಾತ್ಸಂದ್ರ ದಾಟುವುದರೊಳಗೆ ನಿದ್ದೆ. ಹೀಗಿದ್ದರೆ ಕಣ್ಣಿನ ಕೆಳಗೆ ಕಪ್ಪಾಗದೆ ಇನ್ನೇನಾಗುತ್ತೆ? ಅಷ್ಟಕ್ಕೂ ನಮ್ಮಮ್ಮನಿಗೂ ಹಾಗೇ ಇದೆ, ಅಜ್ಜಿಗೂ ಇತ್ತು. ಅಜ್ಜಿ ಅದರ ಬಗ್ಗೆ ತಲೆ ಕೆಡಿಸಿಕೊಂಡಿದ್ದೇ ಇಲ್ಲ. ಹರಳೆಣ್ಣೆ ದೀಪದ ಕಾಡಿಗೆ ತೀಡಿ ಇನ್ನಷ್ಟು ಕಪ್ಪು ಮಾಡಿಕೊಳ್ಳುತ್ತಿದ್ದರು. ನನಗೆ ಮಾತ್ರ ಚಿಕ್ಕಪ್ಪನ ಮಗಳ ಮದುವೆ ಹತ್ತಿರ ಬಂತು, ಫೋಟೋ ಚಿಂತೆ ಶುರುವಾಯಿತು.

ಹುಬ್ಬು ಮಾಡಿಸಲು ನಮ್ಮ ಬೀದಿಯ ಪಾರ್ಲರ್‌ಗೆ ಹೋಗಿದ್ದೆ. ಅಕ್ಕ ದಾರ ಹಲ್ಲಲ್ಲಿ ಕಚ್ಚಿಕೊಂಡೇ, "ಏನಮ್ಮ, ಕಣ್ಣಿನ ಕೆಳಗೆ ಇಷ್ಟು ಕಪ್ಪಾಗಿದೆ" ಅಂದರು. ಡ್ರಾಯರ್‌ನಿಂದ ಕುಂಕುಮದ ಡಬ್ಬಿಯಷ್ಟು ಚಿಕ್ಕದೊಂದು ಬಿಳಿ ಡಬ್ಬಿ ತೆಗೆದರು. ಮುನ್ನೂರು ರೂಪಾಯಿ. ಹೆಸರು ಕೇಳಿದ್ದಕ್ಕೆ, "ನಾನೇ ಮಿಕ್ಸ್ ಮಾಡೋದು" ಅಂದರು. ನಾನು ಅದನ್ನು ಏನೋ ಗಿಡಮೂಲಿಕೆ ಅಂದುಕೊಂಡೆ. ಅವರೇನೂ ಹಾಗೆ ಹೇಳಿರಲಿಲ್ಲ, ನಿಜ ಹೇಳಬೇಕಲ್ಲ.

ನಾಲ್ಕೇ ದಿನಕ್ಕೆ ಕಪ್ಪು ತಿಳಿಯಾಯಿತು. ಮದುವೆ ಫೋಟೋ ಚೆನ್ನಾಗಿ ಬಂತು. ಆಫೀಸಿನ ಗೆಳತಿಗೂ ಒಂದು ಡಬ್ಬಿ ತಂದುಕೊಟ್ಟೆ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತೆ.

ಎರಡೂವರೆ ತಿಂಗಳು ದಿನಾ ಹಚ್ಚಿದೆ. ಡಬ್ಬಿ ಖಾಲಿಯಾದಾಗ ಅಕ್ಕ ಊರ ಜಾತ್ರೆಗೆ ಹೋಗಿದ್ದರು, ಪಾರ್ಲರ್ ಬಾಗಿಲು ಹಾಕಿತ್ತು. ಮೂರನೇ ದಿನ ಉರಿ ಶುರು. ಮೆಣಸಿನಕಾಯಿ ಹೆಚ್ಚಿದ ಕೈಯಲ್ಲಿ ಕಣ್ಣು ಮುಟ್ಟಿಕೊಂಡ ಹಾಗೆ. ರೆಪ್ಪೆ ಊದಿಕೊಂಡಿತು, ಕಣ್ಣಿನ ಸುತ್ತ ಸಾಸಿವೆ ಗಾತ್ರದ ಕೆಂಪು ಗುಳ್ಳೆಗಳು. ಅಮ್ಮ ನೋಡಿ, "ಮದ್ರಾಸ್ ಐ ಇರಬೇಕು ಕಣೇ, ಮಗೂನ ಎತ್ಕೋಬೇಡ" ಅಂದರು. ನಾನು ಯಾವುದೋ ವಿಡಿಯೋ ನೋಡಿ ಆಲೂಗಡ್ಡೆ ರಸಕ್ಕೆ ನಿಂಬೆಹಣ್ಣು ಹಿಂಡಿ ಹಚ್ಚಿದೆ. ಆ ರಾತ್ರಿಯ ಕಥೆ ಬೇಡ ಬಿಡಿ.

ಅಕ್ಕ ವಾಪಸ್ ಬಂದ ಮೇಲೆ ಹೊಸ ಡಬ್ಬಿ ತಂದು ಹಚ್ಚಿದೆ. ಬೆಳಗಾಗುವುದರೊಳಗೆ ಉರಿ ಮಾಯ! ಸದ್ಯ, ಔಷಧಿ ಸಿಕ್ಕಿತು ಅಂದುಕೊಂಡೆ. ಸಿಕ್ಕಿಹಾಕಿಕೊಂಡಿದ್ದೇ ಅಲ್ಲಿ. ಇನ್ನೊಂದು ತಿಂಗಳು ಹೀಗೇ ನಡೆಯಿತು. ಒಂದು ದಿನ ತಪ್ಪಿಸಿದರೂ ಕಣ್ಣು ಕೆಂಪಾಗುತ್ತಿತ್ತು.

ಕೊನೆಗೆ ಚರ್ಮದ ಡಾಕ್ಟರ್ ಹತ್ತಿರ ಹೋದೆ. ನಾನು ಬಾಯಿ ಬಿಡುವ ಮೊದಲೇ ಅವರು, "ಹಚ್ಚಿದರೆ ಕಡಿಮೆಯಾಗುತ್ತೆ, ಬಿಟ್ಟರೆ ಉರಿಯುತ್ತೆ, ಅಲ್ವಾ?" ಅಂದರು. ಕೈಗೆ ಕನ್ನಡಿ ಕೊಟ್ಟು ರೆಪ್ಪೆ ತೋರಿಸಿದರು. ಕೆಂಪು ದಾರದ ಎಳೆಗಳ ಹಾಗೆ ಸಣ್ಣ ಸಣ್ಣ ರಕ್ತನಾಳ ಎದ್ದು ಕಾಣುತ್ತಿದ್ದವು. ಸ್ಟೆರಾಯ್ಡ್ ಕ್ರೀಮಿನ ಕೆಲಸ ಇದು ಅಂದರು. ಸ್ಟೆರಾಯ್ಡ್ ಹಚ್ಚಿದ ಕೂಡಲೇ ಚರ್ಮದ ರಕ್ತನಾಳ ಕುಗ್ಗುತ್ತೆ, ಬಣ್ಣ ತಿಳಿಯಾಗುತ್ತೆ. ನಾನು ಮೆಚ್ಚಿಕೊಂಡಿದ್ದು ಅದನ್ನೇ. ಹಚ್ಚುತ್ತಾ ಹೋದರೆ ಚರ್ಮವೇ ಸವೆಯುತ್ತೆ. ರೆಪ್ಪೆಯ ಚರ್ಮವಂತೂ ಸುಮಾರು ಅರ್ಧ ಮಿಲಿಮೀಟರ್ ದಪ್ಪ, ಮೈಯಲ್ಲೆಲ್ಲಾ ತೀರಾ ತೆಳು. ಅಲ್ಲಿ ಹಚ್ಚಿದ್ದು ಮುಂಗೈಗೆ ಹಚ್ಚಿದ್ದಕ್ಕಿಂತ ಎಷ್ಟೋ ಜಾಸ್ತಿ ಒಳಗೆ ಇಳಿಯುತ್ತೆ.

ಆಮೇಲೆ ಅವರು ನನ್ನ ಕಣ್ಣಿನ ಕೆಳಗಿನ ಚರ್ಮವನ್ನು ಬೆರಳಲ್ಲಿ ಮೆಲ್ಲಗೆ ಎಳೆದು ಹಿಡಿದರು. ಕಪ್ಪು ಇನ್ನೂ ಗಾಢವಾಗಿ, ನೇರಳೆ ಛಾಯೆಯಲ್ಲಿ ಕಂಡಿತು. ಬರೀ ಬಣ್ಣ ಕಟ್ಟಿದ್ದರೆ ಎಳೆದಾಗ ಹೀಗೆ ನೇರಳೆಯಾಗುವುದಿಲ್ಲವಂತೆ. ನನ್ನದು ಹೆಚ್ಚಾಗಿ ತೆಳು ಚರ್ಮದ ಕೆಳಗಿನ ರಕ್ತನಾಳವೇ ಕಾಣಿಸುವ ಜಾತಿ. ಅಂದರೆ ಚರ್ಮ ತೆಳುವಾದಷ್ಟೂ ಕಪ್ಪು ಜಾಸ್ತಿ ಕಾಣುತ್ತೆ. ನಾನು ಮೂರೂವರೆ ತಿಂಗಳು ದುಡ್ಡು ಕೊಟ್ಟು ಮಾಡಿಸಿಕೊಂಡಿದ್ದೂ ಅದೇ!

ನನ್ನನ್ನು ನಿಜವಾಗಿ ಹೆದರಿಸಿದ್ದು ಮುಂದಿನ ಮಾತು. "ಕಣ್ಣಿನ ಪ್ರೆಶರ್ ನೋಡಿಸಿ" ಅಂದರು. ರೆಪ್ಪೆಗೆ ಹಚ್ಚಿದ ಸ್ಟೆರಾಯ್ಡ್ ಕಣ್ಣಿಗೂ ಇಳಿಯಬಹುದಂತೆ. ಬಹಳ ದಿನ ಹೀಗಾದರೆ ಪೊರೆ, ಆಮೇಲೆ ಪ್ರೆಶರ್ ಏರಿ ಕಣ್ಣಿನ ನರ ಹಾಳು ಮಾಡುವ ಗ್ಲಾಕೋಮಾ, ಎರಡೂ ಬರಬಹುದು. ಗ್ಲಾಕೋಮಾದಲ್ಲಿ ಹೋದ ದೃಷ್ಟಿ ವಾಪಸ್ ಬರುವುದಿಲ್ಲ. ಪ್ರೆಶರ್ ಸಾಮಾನ್ಯವಾಗಿ 10ರಿಂದ 21 ಇರಬೇಕು. ನನ್ನ ಬಲಗಣ್ಣಲ್ಲಿ 24 ಇತ್ತು. ಕ್ರೀಮ್ ಬಿಟ್ಟು ಆರು ವಾರಕ್ಕೆ 17ಕ್ಕೆ ಇಳಿಯಿತು. ಅಷ್ಟು ದಿನ ರೈಲಿನಲ್ಲಿ ಕೂತು ಒಂದೊಂದೇ ಕಣ್ಣು ಮುಚ್ಚಿ ಸ್ಟೇಷನ್ ಬೋರ್ಡ್ ಓದುತ್ತಿದ್ದೆ. ಹುಚ್ಚು ಅನ್ನಿಸಬಹುದು, ಆದರೂ ಓದುತ್ತಿದ್ದೆ.

ಚಿಕಿತ್ಸೆ ಅಂತ ದೊಡ್ಡದೇನಿರಲಿಲ್ಲ. ಕಾಡಿಗೆ, ಫೇಸ್‌ವಾಶ್ ಎಲ್ಲ ಬಂದ್. ತಣ್ಣೀರಿನ ಬಟ್ಟೆ, ಬಿಳಿ ವ್ಯಾಸಲೀನ್, ಜೊತೆಗೆ ಅವರು ಬರೆದುಕೊಟ್ಟ ಸ್ಟೆರಾಯ್ಡ್ ಇಲ್ಲದ ಮುಲಾಮು. ಮೊದಲ ಎರಡು ವಾರ ನರಕ, ಆಮೇಲೆ ನಿಧಾನಕ್ಕೆ ಇಳಿಯಿತು. ನೀವೂ ಇಂಥದ್ದು ಹಚ್ಚುತ್ತಿದ್ದರೆ ಡಬ್ಬಿ ಎಸೆಯಬೇಡಿ, ಅದನ್ನೇ ಹಿಡಿದುಕೊಂಡು ಡಾಕ್ಟರ್ ಹತ್ತಿರ ಹೋಗಿ. ಮೆಡಿಕಲ್ ಸ್ಟೋರ್‌ನ ಟ್ಯೂಬ್ ಆದರೆ ಹಿಂದೆ ತಿರುಗಿಸಿ ಓದಿ. ಬೀಟಾಮೆಥಸೋನ್, ಕ್ಲೋಬೆಟಸೋಲ್, ಮೊಮೆಟಸೋನ್ ಅಂತ ಇದ್ದರೆ ಸ್ಟೆರಾಯ್ಡ್ ಅಂತಲೇ ಅರ್ಥ. ಇಂಥ ಕ್ರೀಮ್‌ಗಳನ್ನು ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದು ಅಂತ 2018ರಲ್ಲೇ ಸರ್ಕಾರ ನಿಯಮ ಬಿಗಿ ಮಾಡಿದೆ. ಆದರೂ ಸುಮ್ನೆ ಕೇಳಿದರೆ ಕೊಡುವವರಿದ್ದಾರೆ.

ಹೋದ ವಾರ ಪಾರ್ಲರ್‌ಗೆ ಹೋದೆ. ಜಗಳಕ್ಕೇ ಅಂತ ಹೋಗಿದ್ದೆ. ಅಕ್ಕ ಸುಲಭಕ್ಕೆ ಒಪ್ಪಲಿಲ್ಲ. "ಎಲ್ಲರೂ ಹಚ್ತಾರೆ, ನಿನಗೊಬ್ಬಳಿಗೇ ಹಿಂಗಾಗಿದ್ದು" ಅಂತ ಡ್ರಾಯರ್ ಎಳೆದು ಟ್ಯೂಬ್ ನನ್ನ ಮುಂದಿಟ್ಟರು. ಮುಖದ ಮೇಲೆ ಏಳುವ ಬಂಗಿನ ಕಲೆಗೆ ಡಾಕ್ಟರ್ ಬರೆದುಕೊಡುವ ಕ್ರೀಮ್ ಅದು. ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಸೋನ್. ಅದಕ್ಕೆ ಒಂದಿಷ್ಟು ಕೋಲ್ಡ್ ಕ್ರೀಮ್ ಬೆರೆಸಿ ಡಬ್ಬಿಗೆ ತುಂಬುತ್ತಿದ್ದರು. "ನಾನೇ ನಾಲ್ಕು ವರ್ಷದಿಂದ ಹಚ್ತಿದೀನಿ, ನೋಡು" ಅಂತ ಮುಖ ಮುಂದೆ ತಂದರು.

ನೋಡಿದೆ. ಟ್ಯೂಬ್‌ಲೈಟ್ ಬೆಳಕಲ್ಲಿ ಅವರ ಕೆನ್ನೆ ಮೇಲೆಲ್ಲಾ ಅದೇ ಕೆಂಪು ದಾರದ ಎಳೆಗಳು. ಬೈಯಲು ಬಂದಿದ್ದ ಮಾತು ಬಾಯಲ್ಲೇ ಉಳಿಯಿತು. ಫೋನ್ ತೆಗೆದು ನನ್ನ ರೆಪ್ಪೆಯ ಹಳೇ ಫೋಟೋ ತೋರಿಸಿದೆ. ಅಕ್ಕ ಒಮ್ಮೆ ಫೋಟೋ ನೋಡಿದರು, ಒಮ್ಮೆ ಗೋಡೆಯ ಕನ್ನಡಿ ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು, "ಆ ಡಾಕ್ಟರ್ ಫೀಸ್ ಎಷ್ಟು ತಗೋತಾರಮ್ಮ?"