ಗಡ್ಡಪ್ಪನ ಸ್ಟಾರ್ಟರ್ ಕಿಟ್: ತೊಟ್ಟಿ ಪಾಸು, ದೀಪ ಫೇಲು

ಬಿಯರ್ಡೆಡ್ ಡ್ರ್ಯಾಗನ್ ಅನ್ನುವ ಹಲ್ಲಿ ಜಾತಿಯ ಪ್ರಾಣಿ ಸಾಕಲು ಹೊರಟವರಿಗೆ ಇಲ್ಲಿ ಡಲ್ಲಾಸ್ ಕಡೆಯ ಪೆಟ್ ಅಂಗಡಿಗಳಲ್ಲಿ ಮೊದಲು ತೋರಿಸುವುದೇ ಸ್ಟಾರ್ಟರ್ ಕಿಟ್. 20 ಗ್ಯಾಲನ್ ಗಾಜಿನ ತೊಟ್ಟಿ, ಜಾಲರಿ ಮುಚ್ಚಳ, ಬಿಸಿಗೊಂದು ಬಲ್ಬು, ಯುವಿಬಿಗೊಂದು (ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ನೇರಳಾತೀತ ಕಿರಣ) ಸುರುಳಿ ಬಲ್ಬು, ರಾತ್ರಿಗೆಂದು ಕೆಂಪು ಬಲ್ಬು, ಅಂಟಿಸುವ ಥರ್ಮಾಮೀಟರ್, ಒಂದು ಚೀಲ ಮರಳು. ನಾವು ತಂದ ಕಂಪನಿಯ ಹೆಸರು ಬೇಡ. ಐದಕ್ಕೆ ಎರಡು ಸ್ಟಾರ್ ಕೊಡುತ್ತೇನೆ, ಅದೂ ತೊಟ್ಟಿ ಮತ್ತು ಮುಚ್ಚಳಕ್ಕೆ.

ನಮ್ಮ ಮರಿಗೆ ಮಗಳು ಇಟ್ಟ ಹೆಸರು ಗಡ್ಡಪ್ಪ. ಆಸ್ಟ್ರೇಲಿಯಾ ಮೂಲದ ಜಾತಿ, ನಮ್ಮ ಓತಿಕ್ಯಾತದ ದಾಯಾದಿ. ಹಾಸನದಿಂದ ಅಮ್ಮ ವಿಡಿಯೋ ಕಾಲ್‌ನಲ್ಲಿ ನೋಡಿ, “ಇದಕ್ಕೂ ದುಡ್ಡು ಕೊಟ್ಯೇನೋ? ಇಲ್ಲಿ ಬೇಲಿ ತುಂಬಾ ಓಡಾಡ್ತಾವಲ್ಲೋ” ಅಂದರು.

ಬಂದ ಹೊಸತರಲ್ಲಿ ಗಡ್ಡಪ್ಪ ತಂಪು ಮೂಲೆ ಬಿಟ್ಟು ಕದಲುತ್ತಿರಲಿಲ್ಲ. ಹೊಟ್ಟೆ ಮೇಲೆ ಕಪ್ಪು ಗೆರೆ, ಗಡ್ಡ ಅನ್ನುವ ಗಂಟಲಿನ ಮುಳ್ಳು ಚರ್ಮವೂ ಕಪ್ಪು, ಅಂದರೆ ಅವನಿಗೆ ಹಿತವಿಲ್ಲ ಅಂತ. ಥರ್ಮಾಮೀಟರ್ ಮಾತ್ರ 90 ಡಿಗ್ರಿ ಫ್ಯಾರನ್‌ಹೀಟ್ ಅಂತ ನೆಮ್ಮದಿಯಾಗಿ ಕೂತಿತ್ತು. ಅದು ಅಂಟಿರುವುದು ಗಾಜಿಗೆ. ಪ್ರಾಣಿ ಮಲಗಬೇಕಾದದ್ದು ದೀಪದ ಕೆಳಗಿನ ಕಲ್ಲಿನ ಮೇಲೆ. ದೋಸೆ ಕಾವಲಿ ಕಾದಿದೆಯಾ ನೋಡಲು ಇಟ್ಟುಕೊಂಡಿದ್ದ, ಮುಟ್ಟದೆಯೇ ಬಿಸಿ ಅಳೆಯುವ ಇನ್‌ಫ್ರಾರೆಡ್ ಗನ್ ತಂದು ಹಿಡಿದೆ. ಕಲ್ಲು 122! ಬೇಕಾದದ್ದು 105ರ ಆಸುಪಾಸು. ದೀಪಕ್ಕೆ ಒಂದು ಡಿಮ್ಮರ್ ಸಿಕ್ಕಿಸಿ ಕಾವು ಇಳಿಸಿದೆ. ಮಧ್ಯಾಹ್ನದ ಹೊತ್ತಿಗೆ ಅವನೇ ಕಲ್ಲು ಹತ್ತಿದ. ಮೈ ಚಪ್ಪಟೆ ಮಾಡಿಕೊಂಡು, ಬಾಯಿ ಅರ್ಧ ತೆರೆದು ಕೂತ. ಮೈ ಸಾಕಷ್ಟು ಕಾದಾಗ ಇವು ಹಾಗೆ ಬಾಯಿ ತೆರೆಯುತ್ತವೆ, ಹೆದರಬೇಡಿ. ಇಪ್ಪತ್ತು ಡಾಲರಿನ ಆ ಗನ್ ಕಿಟ್‌ನಲ್ಲೇ ಇರಬೇಕಿತ್ತು.

ಯುವಿಬಿ ಸುರುಳಿ ಬಲ್ಬು ಸುಮ್ನೆ ಲೆಕ್ಕಕ್ಕೆ. ಅದರ ಬೆಳಕು ತೊಟ್ಟಿಯ ಒಂದು ಚೂರು ಜಾಗಕ್ಕೆ ಮಾತ್ರ ಬೀಳುತ್ತದೆ. ಯುವಿಬಿ ಇಲ್ಲದಿದ್ದರೆ ಮೈಯಲ್ಲಿ ವಿಟಮಿನ್ ಡಿ3 ಆಗುವುದಿಲ್ಲ, ಕ್ಯಾಲ್ಸಿಯಂ ಹತ್ತುವುದಿಲ್ಲ, ಮೂಳೆ ಮೆತ್ತಗಾಗಿ ಬಾಗುತ್ತದೆ. ಝೂ ಮೆಡ್‌ನವರ ರೆಪ್ಟಿಸನ್ 10.0 ಟಿ5 ಟ್ಯೂಬ್ ಹಾಕಿದೆ, ಇದು ಚೆನ್ನಾಗಿದೆ. ತೊಟ್ಟಿಯ ಅರ್ಧಕ್ಕಿಂತ ಜಾಸ್ತಿ ಉದ್ದಕ್ಕೆ ಬೆಳಕು ಸಿಗುತ್ತದೆ. ವರ್ಷಕ್ಕೊಮ್ಮೆ ಬದಲಿಸಬೇಕು. ಉರಿಯುತ್ತಿದೆಯಲ್ಲ ಅಂತ ಹಾಗೇ ಬಿಡಬೇಡಿ, ಕಣ್ಣಿಗೆ ಕಾಣುವ ಬೆಳಕು ಇದ್ದರೂ ಯುವಿಬಿ ಇಳಿದಿರುತ್ತದೆ. ಕಿಟಕಿ ಪಕ್ಕ ಇಟ್ಟರೆ ಸಾಕಲ್ವಾ ಅಂತ ಪಕ್ಕದ ಮನೆಯವರು ಕೇಳಿದರು. ಸಾಕಾಗಲ್ಲ, ಕಿಟಕಿ ಗಾಜು ಯುವಿಬಿಯನ್ನು ತಡೆದುಬಿಡುತ್ತದೆ. ಕೆಂಪು ಬಲ್ಬು ಪೆಟ್ಟಿಗೆಯಲ್ಲೇ ಇದೆ. ಇವಕ್ಕೆ ಕೆಂಪು ಬೆಳಕು ಕಾಣುತ್ತದೆ, ರಾತ್ರಿ ಕತ್ತಲೇ ಬೇಕು.

ಕಿಟ್‌ನ ಕೈಪಿಡಿಯಲ್ಲಿ ಇಲ್ಲದ ವಿಷಯ: ತೊಟ್ಟಿಯ ಮೂರು ಕಡೆಗೆ ಹೊರಗಿನಿಂದ ಕಂದು ಕಾಗದ ಅಂಟಿಸಿ. ಗಡ್ಡಪ್ಪ ಗಾಜಿನಲ್ಲಿ ಕಾಣುವ ತನ್ನ ಪ್ರತಿಬಿಂಬವನ್ನೇ ಇನ್ನೊಬ್ಬ ಗಂಡು ಅಂದುಕೊಂಡು ಗಾಜು ಕೆರೆಯುತ್ತಿದ್ದ. ಕಾಗದ ಬಿದ್ದ ಮೇಲೆ ಅದು ನಿಂತಿತು. ತಂಪು ಕಡೆ ಅಡಗಿಕೊಳ್ಳಲು ಒಂದು ಗೂಡು ಬೇಕೇ ಬೇಕು. ನಾವು ಶೂ ಡಬ್ಬಿಗೆ ಬಾಗಿಲು ಕತ್ತರಿಸಿ ಇಟ್ಟೆವು. ಮೊದಲ ವಾರ ಎತ್ತಿಕೊಳ್ಳಬೇಡಿ. ಮಕ್ಕಳಿರುವ ಮನೆಯಲ್ಲಿ ಇದೇ ಕಷ್ಟದ ಕೆಲಸ. ಆಮೇಲೂ ಕೈ ಮೇಲಿಂದ ತರಬಾರದು. ಇವುಗಳ ನೆತ್ತಿ ಮೇಲೆ ಬೆಳಕು, ನೆರಳು ಗೊತ್ತಾಗುವ ಒಂದು ಪುಟ್ಟ ಕಣ್ಣಿದೆ. ನೆರಳು ಬಿದ್ದರೆ ಹದ್ದು ಬಂತು ಅಂತಲೇ ಲೆಕ್ಕ. ಪಕ್ಕದಿಂದ, ನಿಧಾನವಾಗಿ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಬರಬಹುದು.

ಹೊಸ ಜಾಗಕ್ಕೆ ಬಂದ ಮರಿ ಕೆಲವು ದಿನ ಸರಿಯಾಗಿ ತಿನ್ನದಿರುವುದು ಮಾಮೂಲು. ತಿನ್ನದೆ ಉಳಿದ ಕ್ರಿಕೆಟ್ ಹುಳುಗಳನ್ನು ಸಂಜೆ ಎತ್ತಿಬಿಡಿ, ಇಲ್ಲದಿದ್ದರೆ ರಾತ್ರಿ ಅವೇ ಮರಿಯನ್ನು ಕಚ್ಚುತ್ತವೆ. ಬಿಸಿಯೆಲ್ಲ ಸರಿಯಿದ್ದೂ ತಿನ್ನದೆ ಸೊರಗಿದರೆ ಸರೀಸೃಪ ನೋಡುವ ವೆಟ್ ಹತ್ತಿರ ಹೋಗಿ.

ಬಿಡಿಬಿಡಿಯಾಗಿ ಕೊಳ್ಳುವ ಶಕ್ತಿಯಿದ್ದರೆ ಕಿಟ್ ಬೇಡ, ಮೊದಲೇ 4 ಅಡಿ ಉದ್ದ, 2 ಅಡಿ ಅಗಲದ ತೊಟ್ಟಿಗೆ ಹೋಗಿ. ಬೆಳೆದ ಮೇಲೆ ಇವು ಬಾಲ ಸೇರಿ ಒಂದೂವರೆ ಅಡಿ ದಾಟುತ್ತವೆ. ನಮ್ಮದೂ ಸ್ವಲ್ಪ ದಿನಕ್ಕೆ ಬದಲಾಗುತ್ತದೆ. ಆಗ ಈ ಹಳೇ ತೊಟ್ಟಿ ಬೇಕಾದವರು ಬಂದು ಸುಮ್ನೆ ತಗೊಂಡು ಹೋಗಿ. ಮರಳಿನ ಚೀಲವೂ ಇದೆ, ಸೀಲ್ ಒಡೆದಿಲ್ಲ. ಮರಿ ಅದನ್ನು ನುಂಗಿದರೆ ಹೊಟ್ಟೆ ಕಟ್ಟಿಕೊಳ್ಳುತ್ತದೆ ಅಂತ ನಾವು ಕಿಚನ್ ಪೇಪರ್ ಹಾಸಿದ್ದೇವೆ. ಗಿಡದ ಕುಂಡಕ್ಕೆ ಬೇಕಾದರೆ ಹಾಕಿಕೊಳ್ಳಿ.