ಬ್ರೋಕರ್, ಭೇಟಿಗಿಷ್ಟು, ತಿಂಗಳ ಸಂಬಳ: ದೂರದೂರಿನ ಮನೆ ವ್ಯವಹಾರಕ್ಕೆ ನಾವು ಮಾಡಿ ನೋಡಿದ ಮೂರು ವ್ಯವಸ್ಥೆಗಳು

ಹಳೆಯ ಮನೆಗಳನ್ನು ಕೊಂಡು, ರಿಪೇರಿ ಮಾಡಿಸಿ, ಕೆಲವನ್ನು ಬಾಡಿಗೆಗೆ ಕೊಡುವ, ಕೆಲವನ್ನು ಮಾರುವ ಸಣ್ಣ ವ್ಯವಹಾರವನ್ನು ನಾನು ಮತ್ತು ನನ್ನ ಇಬ್ಬರು ಸಂಬಂಧಿಕರು 2019ರಿಂದ ಪಾಲುದಾರಿಕೆಯಲ್ಲಿ ನಡೆಸುತ್ತಿದ್ದೇವೆ. ನಾನಿರುವುದು ಬೆಂಗಳೂರಿನ ವಿಜಯನಗರದಲ್ಲಿ. ಮನೆಗಳಿರುವುದು ಹುಬ್ಬಳ್ಳಿ, ಧಾರವಾಡ ಮತ್ತು ಮೈಸೂರಿನಲ್ಲಿ. ಕಾಗದಪತ್ರ ನೋಡುವವರು ಶಿವಮೊಗ್ಗದಲ್ಲಿ ತಮ್ಮ ಮನೆಯಿಂದಲೇ ಕೆಲಸ ಮಾಡುತ್ತಾರೆ, ಲೆಕ್ಕ ಬರೆಯುವವರು ಉಡುಪಿಯಲ್ಲಿದ್ದಾರೆ. ಬೆಂಗಳೂರಿನಲ್ಲೇ ಏಕೆ ಕೊಳ್ಳುವುದಿಲ್ಲವೆಂದು ಕೇಳುವವರಿಗೆ ನನ್ನ ಉತ್ತರ ಒಂದೇ: ನಮ್ಮ ಬಂಡವಾಳಕ್ಕೆ ಇಲ್ಲಿ ಮನೆಯ ಹೊಸ್ತಿಲೂ ಬರುವುದಿಲ್ಲ. ಹೀಗೆ ಹಣ ಒಂದೂರಿನಲ್ಲಿ, ಆಸ್ತಿ ಮತ್ತೊಂದೂರಿನಲ್ಲಿ, ಕೆಲಸ ಮಾಡುವವರು ಇನ್ನೆಲ್ಲೋ ಇರುವಾಗ, ಮನೆಯನ್ನು ಕಣ್ಣಾರೆ ನೋಡಿ ಬರುವ ಕೆಲಸವನ್ನು ಯಾರಿಗೆ, ಯಾವ ಲೆಕ್ಕದಲ್ಲಿ ಒಪ್ಪಿಸಬೇಕೆಂಬುದೇ ನಮಗೆ ಎದುರಾದ ದೊಡ್ಡ ಪ್ರಶ್ನೆ. ಆರು ವರ್ಷಗಳಲ್ಲಿ ಅದಕ್ಕೆ ಮೂರು ವ್ಯವಸ್ಥೆಗಳನ್ನು ಮಾಡಿ ನೋಡಿದ್ದೇವೆ.

ಮೊದಲನೆಯದು ಬ್ರೋಕರ್ ವ್ಯವಸ್ಥೆ. ಖರ್ಚಿನ ದೃಷ್ಟಿಯಿಂದ ಇದಕ್ಕಿಂತ ಹಗುರವಾದದ್ದು ಇಲ್ಲವೆಂದು ಆರಂಭದಲ್ಲಿ ಯಾರಿಗಾದರೂ ಅನ್ನಿಸುತ್ತದೆ, ಏಕೆಂದರೆ ವ್ಯವಹಾರ ಕುದುರದಿದ್ದರೆ ಒಂದು ರೂಪಾಯಿಯನ್ನೂ ಕೊಡಬೇಕಾಗಿಲ್ಲ. ಕುದುರಿದರೆ ನಾವು ಶೇ. 2ರಷ್ಟು ಕಮಿಷನ್ ಕೊಡುತ್ತಿದ್ದೆವು, ಬಾಡಿಗೆದಾರರನ್ನು ಕರೆತಂದರೆ ಒಂದು ತಿಂಗಳ ಬಾಡಿಗೆ. ಹುಬ್ಬಳ್ಳಿಯಲ್ಲಿ ನಾವು ಕೊಂಡ ಮೊದಲ ಮನೆ 31 ಲಕ್ಷದ್ದು, ಅದಕ್ಕೆ ಕೊಟ್ಟ ಕಮಿಷನ್ 62,000 ರೂಪಾಯಿ. ಬ್ರೋಕರ್ ಹದಿನಾಲ್ಕು ಫೋಟೋಗಳನ್ನೂ ಎರಡು ನಿಮಿಷದ ಒಂದು ವಿಡಿಯೋವನ್ನೂ ಕಳಿಸಿದ್ದರು. ಆ ವಿಡಿಯೋವನ್ನು ನಾವು ಮೂವರೂ ಟಿವಿಗೆ ಹಾಕಿಕೊಂಡು ಎರಡು ಬಾರಿ ನೋಡಿದೆವು. ಹಿಂದಿನ ಕೋಣೆಯ ಗೋಡೆಯಲ್ಲಿ ಒಂದು ಕ್ಯಾಲೆಂಡರ್ ನೆಲದಿಂದ ಮೊಣಕಾಲೆತ್ತರದಲ್ಲಿ ನೇತಾಡುತ್ತಿತ್ತು. ಅಷ್ಟು ಕೆಳಗೆ ಕ್ಯಾಲೆಂಡರ್ ತೂಗುಹಾಕಿ ಯಾರು ತಿಥಿ ನೋಡುತ್ತಾರೆಂಬ ಪ್ರಶ್ನೆ ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಮೊದಲ ಮಳೆಗಾಲದಲ್ಲಿ ಬಾಡಿಗೆದಾರರು ಅದೇ ಗೋಡೆಯ ಫೋಟೋ ಕಳಿಸಿದಾಗ ಉತ್ತರ ಸಿಕ್ಕಿತು. ಪಕ್ಕದ ಮನೆಯ ಬಚ್ಚಲಿನ ಪೈಪು ಸೋರಿ ಗೋಡೆಯ ಗಿಲಾವು ಆಳೆತ್ತರದವರೆಗೆ ಉಬ್ಬಿಕೊಂಡಿತ್ತು. ಗಿಲಾವನ್ನು ಕೆತ್ತಿಸಿ ಹೊಸದಾಗಿ ಮಾಡಿಸುವುದಕ್ಕೆ, ಪಕ್ಕದವರ ಪೈಪನ್ನೂ ನಮ್ಮ ಖರ್ಚಿನಲ್ಲೇ ಬದಲಾಯಿಸುವುದಕ್ಕೆ ಒಂದು ಲಕ್ಷ ನಲವತ್ತು ಸಾವಿರ ಹೋಯಿತು.

ಆ ಬ್ರೋಕರ್ ಕೆಟ್ಟವರೆಂದು ನಾನು ಹೇಳಲಾರೆ. ಕೇಳಿದ ಪ್ರಶ್ನೆಗೆ ಅವರು ಸುಳ್ಳು ಹೇಳಿದವರಲ್ಲ, ನಾವು ಕೇಳಲಿಲ್ಲ ಅಷ್ಟೆ. ಆದರೆ ಮನೆ ಮಾರಾಟವಾದರೆ ಮಾತ್ರ ಕೈಗೆ ಕಾಸು ಬರುವವರ ಕಣ್ಣಿಗೆ ಕ್ಯಾಲೆಂಡರಿನ ಹಿಂದೇನಿದೆ ಎಂಬುದು ಕಾಣದಿರುವುದು ಸಹಜ. ಮೂರು ಮನೆಗಳನ್ನು ಕೊಂಡ ಮೇಲೂ ನಮಗೆ ಅರ್ಥವಾಗದೆ ಉಳಿದ ಸಂಗತಿಯೊಂದಿತ್ತು: ಇಷ್ಟು ದಿನಗಳಲ್ಲಿ ಒಬ್ಬ ಬ್ರೋಕರ್ ಕೂಡ ‘ಈ ಮನೆ ಬೇಡ’ ಎಂದು ಹೇಳಿರಲಿಲ್ಲ. ನಾವು ಕೊಳ್ಳುವಂಥ ಹಳೆಯ ಬಿಡಿ ಮನೆಗಳ ಮರುಮಾರಾಟಕ್ಕೆ ರಿಯಲ್ ಎಸ್ಟೇಟ್ ವ್ಯವಹಾರವನ್ನು ನಿಯಂತ್ರಿಸುವ ರೇರಾ ಕಾಯ್ದೆಯ ಏಜೆಂಟ್ ನೋಂದಣಿಯ ನಿಯಮ ಅನ್ವಯಿಸುವುದಿಲ್ಲವಾದ್ದರಿಂದ, ಹೊಸ ಬಡಾವಣೆಯಲ್ಲಿ ಸೈಟು ಕೊಳ್ಳುವವರಿಗಿರುವ ಆ ಒಂದು ಆಸರೆಯೂ ನಮಗಿರಲಿಲ್ಲ.

ಎರಡನೆಯ ವ್ಯವಸ್ಥೆ ಕೋವಿಡ್ ಕಾಲದ್ದು. 2021ರಲ್ಲಿ ಹುಬ್ಬಳ್ಳಿಯಲ್ಲೊಬ್ಬ, ಮೈಸೂರಿನಲ್ಲೊಬ್ಬ ಕಾಲೇಜು ಹುಡುಗರನ್ನು ಗೊತ್ತುಮಾಡಿ, ಭೇಟಿಯೊಂದಕ್ಕೆ 500 ರೂಪಾಯಿ ಮತ್ತು ಪೆಟ್ರೋಲಿನ ಖರ್ಚು ಎಂದು ನಿಗದಿ ಮಾಡಿದೆವು. ಕ್ಯಾಲೆಂಡರಿನ ಪಾಠ ಇನ್ನೂ ಹಸಿಯಾಗಿದ್ದುದರಿಂದ ಮೂವತ್ತೆರಡು ಪ್ರಶ್ನೆಗಳ ಒಂದು ನಮೂನೆಯನ್ನೂ ತಯಾರಿಸಿದೆವು. ಬ್ರೋಕರ್ ವ್ಯವಸ್ಥೆಯೊಂದಿಗೆ ಹೋಲಿಸಿದರೆ ಇದರಲ್ಲಿ ಕಂಡ ಮೊದಲ ವ್ಯತ್ಯಾಸವೆಂದರೆ, ಮನೆ ಕೊಂಡರೂ ಬಿಟ್ಟರೂ ಹುಡುಗನಿಗೆ ಸಿಗುವುದು ಅದೇ ಐದುನೂರು. ಹಾಗಾಗಿ ಒಂದೇ ತಿಂಗಳಲ್ಲಿ ಒಂಬತ್ತು ಮನೆಗಳನ್ನು ತಿರಸ್ಕರಿಸಲು ನಮಗೆ ಸಾಧ್ಯವಾಯಿತು, ಅದಕ್ಕಾದ ಖರ್ಚು ಪೆಟ್ರೋಲು ಬಿಟ್ಟು 4,500 ರೂಪಾಯಿ. ಮೊದಲ ಸುತ್ತಿನ ಜಾಲಾಡುವಿಕೆಗೆ ಈಗಲೂ ಇದಕ್ಕಿಂತ ಒಳ್ಳೆಯ ಏರ್ಪಾಡು ನನಗೆ ಗೊತ್ತಿಲ್ಲ.

ಆದರೆ ನಮೂನೆಯಲ್ಲಿ ಇಲ್ಲದ್ದು ಆ ಹುಡುಗರ ಕಣ್ಣಿಗೂ ಬೀಳುತ್ತಿರಲಿಲ್ಲ. ‘ಸಂಪ್ ಇದೆಯೇ?’ ಎಂಬ ಪ್ರಶ್ನೆಗೆ ಹುಡುಗ ‘ಇದೆ’ ಎಂದು ಬರೆದಿದ್ದ, ಮುಚ್ಚಳದ ಫೋಟೋವನ್ನೂ ಲಗತ್ತಿಸಿದ್ದ. ಮನೆ ಕೊಂಡ ಮೇಲೆ ಮುಚ್ಚಳ ತೆಗೆಸಿದರೆ ಸಂಪಿನ ತಳ ಸೀಳಿತ್ತು, ಒಳಗೆ ಅರ್ಧದವರೆಗೆ ಮಣ್ಣು ತುಂಬಿತ್ತು. ಹುಡುಗನ ತಪ್ಪೇನೂ ಇಲ್ಲ, ಸಂಪ್ ಇದ್ದೇ ಇತ್ತು. ನಾವು ನಮೂನೆಗೆ ಇನ್ನೊಂದು ಪ್ರಶ್ನೆ ಸೇರಿಸಿದೆವು, ಮುಂದಿನ ಮನೆಯಲ್ಲಿ ತೊಂದರೆ ಬೇರೊಂದು ಕಡೆಯಿಂದ ಬಂತು. ಹೀಗೆ ಮೂವತ್ತೆರಡು ಪ್ರಶ್ನೆಗಳು ಐವತ್ತೊಂದಾದವು. ಪರೀಕ್ಷೆಯ ತಿಂಗಳುಗಳಲ್ಲಂತೂ ಇಬ್ಬರೂ ಫೋನಿಗೇ ಸಿಗುತ್ತಿರಲಿಲ್ಲ.

ಮೂರನೆಯ ವ್ಯವಸ್ಥೆಗೆ ನಾವು ಬಂದದ್ದು 2022ರ ಜುಲೈಯಲ್ಲಿ. ಹುಬ್ಬಳ್ಳಿಯಲ್ಲಿ ಸ್ವಸಹಾಯ ಸಂಘದ ಲೆಕ್ಕ ಬರೆದು ಅನುಭವವಿದ್ದ, ಐವತ್ತರ ಆಸುಪಾಸಿನ ಒಬ್ಬ ಮಹಿಳೆಯನ್ನು ಅರ್ಧ ದಿನದ ಕೆಲಸಕ್ಕೆ ತಿಂಗಳಿಗೆ 14,000 ರೂಪಾಯಿ ಸಂಬಳಕ್ಕೆ ನೇಮಿಸಿಕೊಂಡೆವು. ನಾವೆಲ್ಲ ಅವರನ್ನು ‘ಅಕ್ಕಾರ’ ಎಂದೇ ಕರೆಯುತ್ತೇವೆ. ಅವರು ಮನೆಯೊಳಕ್ಕೆ ಹೋಗುವ ಮುನ್ನ ಎದುರು ಮನೆಯ ಕಟ್ಟೆಯ ಮೇಲೆ ಹತ್ತು ನಿಮಿಷ ಕೂರುತ್ತಾರೆ. ಮಾತಿಗೆ ಸಿಕ್ಕ ಹೆಂಗಸರಿಂದ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಹಿಂದಿದ್ದವರು ಏಕೆ ಬಿಟ್ಟು ಹೋದರು, ಅಣ್ಣತಮ್ಮಂದಿರ ಜಗಳವೇನಾದರೂ ಇದೆಯೇ ಎಂಬುದನ್ನೆಲ್ಲ ತಿಳಿದುಕೊಂಡ ಮೇಲೆಯೇ ಬಾಗಿಲು ತಟ್ಟುತ್ತಾರೆ. ಕೆಲಸಕ್ಕೆ ಸೇರಿದ ಮೂರನೆಯ ವಾರ ಅವರು ಕಳಿಸಿದ ಧ್ವನಿ ಸಂದೇಶವನ್ನು ನಾನಿನ್ನೂ ಅಳಿಸಿಲ್ಲ: “ಸರ್, ಮನಿ ಛಲೋ ಐತ್ರಿ. ಆದ್ರ ನೀರ ಎಂಟ ದಿನಕ್ಕೊಮ್ಮೆ ಬರ್ತಾವಂತ. ಇವರ ಸಂಪ್ ನೋಡಿದ್ರ ಮೂರ ದಿನಕ್ಕೂ ಸಾಲೂದಿಲ್ಲ. ಬ್ಯಾಡ್ರಿ.” ಮೂರು ವರ್ಷಗಳಲ್ಲಿ ‘ಬೇಡ’ ಎಂಬ ಮಾತನ್ನು ನಾವು ಕೇಳಿದ್ದು ಅದೇ ಮೊದಲು.

ಹಣದ ಲೆಕ್ಕದಲ್ಲಿ ಮಾತ್ರ ಈ ವ್ಯವಸ್ಥೆ ಭಾರವೇ. ವರ್ಷಕ್ಕೆ 1,68,000 ರೂಪಾಯಿ ಸಂಬಳ, ಬಸ್ ಖರ್ಚು ಬೇರೆ. 2023ರಲ್ಲಿ ಹುಬ್ಬಳ್ಳಿಯಲ್ಲಿ ನಾವು ಕೊಂಡದ್ದು ಒಂದೇ ಮನೆಯಾದ್ದರಿಂದ, ಕೇವಲ ಖರೀದಿಯ ಲೆಕ್ಕ ಹಿಡಿದರೆ ಬ್ರೋಕರ್‌ಗೆ ಕೊಡುತ್ತಿದ್ದುದರ ಎರಡರಷ್ಟಕ್ಕಿಂತ ಹೆಚ್ಚು ಖರ್ಚಾಯಿತು. ಆದರೆ ಬ್ರೋಕರ್‌ನ ಕೆಲಸ ನೋಂದಣಿಯ ದಿನ ಮುಗಿಯುತ್ತದೆ, ಮನೆಯ ಕೆಲಸ ಅಂದು ಶುರುವಾಗುತ್ತದೆ. ಬಾಡಿಗೆದಾರರು ಬಿಟ್ಟುಹೋದ ಮೇಲೆ ಮೊದಲು ಎರಡೂವರೆ ತಿಂಗಳು ಖಾಲಿ ಬೀಳುತ್ತಿದ್ದ ಮನೆಗಳು ಈಗ ಮೂರು ವಾರದೊಳಗೆ ತುಂಬುತ್ತಿವೆ. ಪ್ಲಂಬರ್ ಬಿಲ್ಲುಗಳು ಸುಮಾರು ಅರ್ಧಕ್ಕೆ ಇಳಿದಿವೆ, ಏಕೆಂದರೆ ಕೆಲಸ ಮುಗಿಯುವವರೆಗೆ ಅಕ್ಕಾರು ಅಲ್ಲೇ ಸ್ಟೂಲು ಹಾಕಿಕೊಂಡು ಕೂರುತ್ತಾರೆ. ಮತ್ತೊಂದು ಪದ್ಧತಿಯನ್ನು ಅವರೇ ತಂದರು: ಕೊಳ್ಳಬೇಕೆಂದಿರುವ ಮನೆಯನ್ನು ಮಳೆ ಸುರಿಯುವಾಗ ಒಮ್ಮೆ ನೋಡದೆ ಮುಂಗಡ ಕೊಡಕೂಡದು.

ಈ ವ್ಯವಸ್ಥೆಯ ದೋಷ ಒಬ್ಬರ ಮೇಲೆಯೇ ಎಲ್ಲವೂ ನಿಲ್ಲುವುದು. ಮಗಳ ಬಾಣಂತನಕ್ಕೆಂದು ಅಕ್ಕಾರು ಆರು ವಾರ ಗದಗಕ್ಕೆ ಹೋದಾಗ, ನಮ್ಮ ಐದೂ ಮನೆಗಳ ಬೀಗದ ಕೈಗಳು ಹುಬ್ಬಳ್ಳಿಯ ಅವರ ಮನೆಯ ಬೀರುವಿನಲ್ಲಿ ಉಳಿದುಬಿಟ್ಟವು. ಈಗ ಬೀಗದ ಕೈಗಳ ಇನ್ನೊಂದು ಗೊಂಚಲು ಅವರ ಬೀದಿಯ ಕಿರಾಣಿ ಅಂಗಡಿಯವರ ಬಳಿ ಇರುತ್ತದೆ.

ಇಷ್ಟಾಗಿಯೂ ಸಂಬಳ ಕೊಟ್ಟೊಡನೆ ಎಲ್ಲವೂ ಸರಿಯಾಗುತ್ತದೆಂದು ಭಾವಿಸಬೇಕಾಗಿಲ್ಲ. ಮೈಸೂರಿನಲ್ಲಿ ಇದೇ ಸಂಬಳಕ್ಕೆ ನೇಮಿಸಿಕೊಂಡಿದ್ದ ಒಬ್ಬರು ಪ್ರತಿ ಸೋಮವಾರ ಬೆಳಿಗ್ಗೆ ಕಳಿಸುತ್ತಿದ್ದ ವರದಿ ಹಿಂದಿನ ಸೋಮವಾರದ್ದರ ಪ್ರತಿಯೇ ಆಗಿರುತ್ತಿತ್ತು. ಒಮ್ಮೆ ದಿನಾಂಕವನ್ನೂ ಬದಲಾಯಿಸಿರಲಿಲ್ಲ. ಐದು ತಿಂಗಳಿಗೆ ಅದನ್ನು ಮುಗಿಸಿ, ಈಗ ಅಲ್ಲಿ ಮೊದಲ ಸುತ್ತಿಗೆ ಹುಡುಗರನ್ನೂ, ಕೊನೆಯ ಸುತ್ತಿಗೆ ಭೇಟಿಗೆ 2,000 ರೂಪಾಯಿ ತೆಗೆದುಕೊಳ್ಳುವ ಒಬ್ಬ ನಿವೃತ್ತ ಇಂಜಿನಿಯರರನ್ನೂ ಕಳಿಸುತ್ತೇವೆ. ಅವರು ಗೋಡೆಯನ್ನು ನಾಣ್ಯದಿಂದ ಬಡಿದು ನೋಡುತ್ತಾರೆ. ಬಾಡಿಗೆದಾರರ ತಾಪತ್ರಯ ಮಾತ್ರ ನನಗೇ ಉಳಿದಿದೆ.

ಕಾಗದಪತ್ರದ ವಿಷಯದಲ್ಲಿ ಹೋಲಿಕೆ ಬೇರೆಯದೇ ಆಗಿದೆ. ಮೊದಲು ಪ್ರತಿ ಮನೆಯ ದಾಖಲೆಗಳನ್ನೂ ಆಯಾ ಊರಿನ ವಕೀಲರಿಗೇ ನೇರವಾಗಿ ಕೊಡುತ್ತಿದ್ದೆವು, ಅಭಿಪ್ರಾಯವೊಂದಕ್ಕೆ ಏಳೆಂಟು ಸಾವಿರ ಆಗುತ್ತಿತ್ತು. ಈಗ ಶಿವಮೊಗ್ಗದ ನಮ್ಮ ಸಹೋದ್ಯೋಗಿ ಮೊದಲು ಜಾಲಾಡುತ್ತಾರೆ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಿಂದ ಋಣಭಾರ ಪತ್ರ (ಆಸ್ತಿಯ ಮೇಲೆ ನೋಂದಣಿಯಾದ ಮಾರಾಟ, ಸಾಲಗಳ ಪಟ್ಟಿ), ಕಂದಾಯ ಇಲಾಖೆಯ ‘ಭೂಮಿ’ ತಂತ್ರಾಂಶದಿಂದ ಪಹಣಿ, ಇ-ಸ್ವತ್ತು ತಂತ್ರಾಂಶದಿಂದ ಪಂಚಾಯಿತಿ ಆಸ್ತಿಯ ದಾಖಲೆ, ಪಟ್ಟಣದ ಮನೆಯಾದರೆ ಇ-ಖಾತಾ, ಇವೆಲ್ಲವನ್ನೂ ಅವರು ಕುಳಿತಲ್ಲಿಂದಲೇ ಪರಿಶೀಲಿಸುತ್ತಾರೆ. 2024ರಲ್ಲಿ ನೋಂದಣಿಗೆ ಇ-ಖಾತಾ ಕಡ್ಡಾಯವಾದ ಮೇಲಂತೂ ಅದಿಲ್ಲದ ಮನೆಯನ್ನು ಅವರು ವಕೀಲರವರೆಗೆ ಹೋಗಲು ಬಿಡುವುದೇ ಇಲ್ಲ. ಧಾರವಾಡದ ಅಂಚಿನಲ್ಲಿದ್ದ ಒಂದು ಮನೆಗೆ ಪಂಚಾಯಿತಿಯ ಕೈಬರಹದ ಚೀಟಿಯೊಂದೇ ಇತ್ತು, ಅರ್ಧ ಗಂಟೆಯಲ್ಲಿ ಅದು ಪಟ್ಟಿಯಿಂದ ಹೊರಬಿತ್ತು.

ಆದರೂ ಮನೆಯಲ್ಲಿ ಕುಳಿತು ಮಾಡುವ ಈ ಕೆಲಸಕ್ಕೊಂದು ನಿಶ್ಚಿತ ಗಡಿಯಿದೆ. ಋಣಭಾರ ಪತ್ರ ಆನ್‌ಲೈನಿನಲ್ಲಿ ಸಿಗುವುದು 2004ರ ಏಪ್ರಿಲ್‌ನಿಂದ ಈಚಿನದು, ಅದಕ್ಕೂ ಹಿಂದಿನದು ಬೇಕೆಂದರೆ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಅರ್ಜಿ ಹಾಕಿ ಹಳೆಯ ಪುಸ್ತಕಗಳನ್ನು ಹುಡುಕಿಸಬೇಕು. ಧಾರವಾಡದ ಇನ್ನೊಂದು ಮನೆ ಪರದೆಯ ಮೇಲೆ ಶುಭ್ರವಾಗಿತ್ತು, ‘ಯಾವ ಋಣವೂ ಇಲ್ಲ’ ಎನ್ನುವ ನಮೂನೆ 16 ಬಂದಿತ್ತು. ಹಳೆಯ ಪುಸ್ತಕದಲ್ಲಿ ಮಾತ್ರ 1998ರ ಒಂದು ಅಡಮಾನ ಕಾಣಿಸಿತು, ಅದು ತೀರಿದ್ದಕ್ಕೆ ಯಾವ ಪತ್ರವೂ ಇರಲಿಲ್ಲ. ಅದನ್ನು ಹುಡುಕಿಸಿದವರು ಅಲ್ಲಿನ ವಕೀಲರು. ಹೀಗಾಗಿ ಇಲ್ಲಿ ಎರಡರಲ್ಲೊಂದನ್ನು ಆರಿಸುವ ಮಾತೇ ಇಲ್ಲ. ಶಿವಮೊಗ್ಗದವರು ಹತ್ತರಲ್ಲಿ ಏಳನ್ನು ಹೊರಹಾಕುತ್ತಾರೆ, ಉಳಿದ ಮೂರಕ್ಕೆ ಮಾತ್ರ ವಕೀಲರ ಶುಲ್ಕ ಕೊಡುತ್ತೇವೆ.

ನಾವು ನಿರೀಕ್ಷಿಸದೆ ಇದ್ದ ತೊಡಕು ಭಾಷೆಯದು. ಎಲ್ಲರೂ ಕನ್ನಡಿಗರೇ, ಆದರೆ ಶಿವಮೊಗ್ಗದವರು ‘ಪಹಣಿ ಕಳಿಸಿ’ ಎಂದರೆ ಹುಬ್ಬಳ್ಳಿಯವರಿಗೆ ಅದು ‘ಉತಾರ’. ಇಲ್ಲಿನ ‘ಸೈಟು’ ಅಲ್ಲಿ ‘ಪ್ಲಾಟು’. ನಾವು ಮೂವತ್ತು ನಲವತ್ತರ ಲೆಕ್ಕದಲ್ಲಿ, ಎಂದರೆ 1,200 ಚದರಡಿಯಲ್ಲಿ ಯೋಚಿಸುತ್ತಿದ್ದರೆ, ಅಲ್ಲಿನವರು 1,089 ಚದರಡಿಯ ಗುಂಟೆಯಲ್ಲಿ ದರ ಹೇಳುತ್ತಿದ್ದರು. ಒಮ್ಮೆ ಈ ವ್ಯತ್ಯಾಸದಿಂದಲೇ ಚದರಡಿಯ ಬೆಲೆ ತಪ್ಪಾಗಿ ಹಾಕಿ ಹೆಚ್ಚಿನ ಬೆಲೆಗೆ ಮಾತಾಡಿ ಬಂದಿದ್ದೆವು, ಮುಂಗಡಕ್ಕೆ ಮೊದಲು ಅಕ್ಕಾರೇ ಅದನ್ನು ಹಿಡಿದರು.

ಮಾಹಿತಿ ಹಂಚಿಕೊಳ್ಳುವುದಕ್ಕೆ ವಾಟ್ಸಾಪ್ ಗುಂಪನ್ನೂ ಗೂಗಲ್ ಶೀಟನ್ನೂ ಪ್ರಯೋಗಿಸಿದ್ದೇವೆ. ಗುಂಪಿನಲ್ಲಿ ಬಾಡಿಗೆ ರಸೀದಿ ಹಬ್ಬದ ಶುಭಾಶಯಗಳ ಕೆಳಗೆ ಮುಚ್ಚಿಹೋಗುತ್ತದೆ, ಶೀಟನ್ನು ಅಕ್ಕಾರು ತೆರೆಯುವುದಿಲ್ಲ. ವರ್ಷವಿಡೀ ಒತ್ತಾಯಿಸಿ ಸೋತ ಮೇಲೆ, ಅವರ ನಾಲ್ಕು ನಿಮಿಷದ ಧ್ವನಿ ಸಂದೇಶಗಳನ್ನು ಶಿವಮೊಗ್ಗದವರು ಕೇಳಿ ಶೀಟಿಗೆ ಏರಿಸುವುದೆಂದು ಮಾಡಿದೆವು. ತಿಂಗಳಿಗೆ ಮೂರು ಗಂಟೆಯ ಹೆಚ್ಚುವರಿ ಕೆಲಸ, ಆದರೆ ಟೈಪ್ ಮಾಡಲು ಹೇಳಿದ್ದರೆ ಅಕ್ಕಾರು ‘ನೀರ ಇಲ್ಲ’ ಎಂದಷ್ಟೇ ಬರೆಯುತ್ತಿದ್ದರು. ಲೆಕ್ಕದ ಕೆಲಸದ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಬಾಡಿಗೆ ಯುಪಿಐ ಮೂಲಕ ಬರುತ್ತದೆ, ಕರಾರುಗಳೆಲ್ಲ ಹನ್ನೊಂದು ತಿಂಗಳವು, 50 ಲಕ್ಷ ಮುಟ್ಟಿದ ಖರೀದಿಗೆ ಮಾರಾಟಗಾರರ ಹಣದಿಂದ ಮೊದಲೇ ಕಡಿಯುವ ಶೇ. 1ರ ತೆರಿಗೆಯನ್ನು (ಟಿಡಿಎಸ್) ಕಟ್ಟುವುದನ್ನು ಉಡುಪಿಯವರು ಮರೆತದ್ದಿಲ್ಲ.

ನೋಂದಣಿಯ ದಿನಕ್ಕೆ ಮಾತ್ರ ಯಾವ ದೂರದ ವ್ಯವಸ್ಥೆಯೂ ನಮಗೆ ಒಗ್ಗಿಲ್ಲ. ಕಾವೇರಿ 2.0 ಬಂದ ಮೇಲೆ ಕ್ರಯಪತ್ರದ ಕರಡನ್ನು ಮೊದಲೇ ಏರಿಸಿ ಸಮಯ ಗೊತ್ತುಮಾಡಿಕೊಳ್ಳಬಹುದಾದರೂ, ಫೋಟೋಗೂ ಹೆಬ್ಬೆಟ್ಟಿಗೂ ಪಾಲುದಾರರಲ್ಲಿ ಒಬ್ಬರು ಹೋಗುತ್ತೇವೆ. ‘ಜಿಪಿಎ (ನಮ್ಮ ಪರವಾಗಿ ವ್ಯವಹರಿಸುವ ಅಧಿಕಾರಪತ್ರ) ಬರೆದುಕೊಡುತ್ತೇವೆ, ನೀವು ಬರುವುದೇ ಬೇಡ’ ಎನ್ನುವ ಮಾರಾಟಗಾರರು ವರ್ಷಕ್ಕೆ ಒಬ್ಬರಾದರೂ ಸಿಗುತ್ತಾರೆ. ಜಿಪಿಎ ಮೂಲಕ ಮಾಡುವ ಮಾರಾಟದಿಂದ ಒಡೆತನ ವರ್ಗಾವಣೆಯಾಗುವುದಿಲ್ಲವೆಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿರುವುದರಿಂದ, ಅಂಥವರ ಫೋನನ್ನು ನಾವು ಎರಡನೆಯ ಬಾರಿ ತೆಗೆಯುವುದಿಲ್ಲ.

ಈಗ ತುಮಕೂರಿನಲ್ಲಿ ಒಂದು ಮನೆ ನೋಡಿದ್ದೇವೆ. ಅಲ್ಲಿ ನಮ್ಮವರೆನ್ನುವವರು ಯಾರೂ ಇಲ್ಲದ ಕಾರಣ ಮತ್ತೆ ಬ್ರೋಕರ್ ಕಳಿಸಿದ ವಿಡಿಯೋವನ್ನೇ ಟಿವಿಗೆ ಹಾಕಿಕೊಂಡು ಕುಳಿತೆವು. ಗೋಡೆಗಳೆಲ್ಲ ಹೊಸ ಸುಣ್ಣ ಬಳಿದು ಹೊಳೆಯುತ್ತಿದ್ದವು. ವಿಡಿಯೋವನ್ನು ಅಕ್ಕಾರಿಗೆ ಕಳಿಸಿದೆ. “ಹೊಸಾ ಬಣ್ಣ ಬರೇ ಒಂದ ಖೋಲಿಗೆ ಯಾಕ ಎರಡ ಸಲ ಹೊಡದಾರ್ರಿ?” ಎಂದು ಕೇಳಿದ ಅವರು, ಬುಧವಾರ ಬೆಂಗಳೂರಿನಲ್ಲಿ ತಂಗಿಯ ಮನೆಗೆ ಬರುವಾಗ ತುಮಕೂರಿನಲ್ಲಿ ರೈಲಿಳಿದು ನೋಡಿಕೊಂಡು ಬರುತ್ತೇನೆಂದಿದ್ದಾರೆ. ಬ್ರೋಕರ್ ಮಂಗಳವಾರವೇ ಮುಂಗಡ ಬೇಕೆನ್ನುತ್ತಿದ್ದಾರೆ. ಗುರುವಾರ ಮಾತಾಡೋಣವೆಂದು ಹೇಳಿದ್ದೇನೆ.