ಸೈಟು ತುಮಕೂರಲ್ಲೋ, ಕೋಲಾರದಲ್ಲೋ?

ಬೆಂಗಳೂರಿಂದ ಎರಡೂ ಹೆಚ್ಚುಕಡಿಮೆ 70 ಕಿ.ಮೀ. ದೂರ. ಆ ಮಾತು ಬಿಡಿ, ಮೊದಲು ನೀರು ನೋಡಿ.

ತುಮಕೂರಿಗೆ ಹೇಮಾವತಿ ನೀರು ನಾಲೆಯಲ್ಲಿ ಬುಗುಡನಹಳ್ಳಿ ಕೆರೆಗೆ ಬಂದು, ಅಲ್ಲಿಂದ ನಲ್ಲಿಗೆ ಬರುತ್ತದೆ. ನಾಲೆಗೆ ನೀರು ಬಿಡೋದು ತಡವಾದರೆ ಪಾಲಿಕೆಗೆ ತಲೆಬಿಸಿ. ಕೋಲಾರಕ್ಕೆ ಅಂಥ ನದಿಯ ಆಸರೆಯೇ ಇಲ್ಲ. 2018ರಿಂದ ಕೆರೆಗಳಿಗೆ ಹರಿಯುತ್ತಿರುವ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯ ನೀರು ಬೆಂಗಳೂರಿನ ಸಂಸ್ಕರಿತ ಕೊಳಚೆ. ಅಂತರ್ಜಲಕ್ಕೆ ಸರಿ, ಕುಡಿಯೋಕಲ್ಲ. ಕುಡಿಯಲು ಯರಗೋಳ್ ಅಣೆಕಟ್ಟು ಇದೆ, ಆದರೆ ಬಂಗಾರಪೇಟೆ, ಮಾಲೂರಿಗೂ ಅದರಲ್ಲಿ ಪಾಲು. ಬಡಾವಣೆಯಲ್ಲಿ ಮನೆಮನೆ ಮುಂದೆ ನೀಲಿ ಡ್ರಮ್ಮು ಕಂಡರೆ ಟ್ಯಾಂಕರೇ ಗತಿ ಅಂತ ಲೆಕ್ಕ, ಬ್ರೋಕರ್ ಏನೇ ಹೇಳಲಿ.

ರಸ್ತೆಗೆ ಬಂದರೆ, ತುಮಕೂರು 2016ರಲ್ಲೇ ಸ್ಮಾರ್ಟ್ ಸಿಟಿ ಪಟ್ಟಿ ಸೇರಿತು. ಆ ದುಡ್ಡಿನ ಹೊಳಪು ಹೆಚ್ಚಾಗಿ ಊರ ನಡುವೆ. ಅಂಚಿನ ಲೇಔಟಿನಲ್ಲಿ ಹುಡುಕಬೇಡಿ.

ಖಾತೆ, ಒಳಚರಂಡಿ ತಲೆನೋವು ಎರಡೂ ಕಡೆ ಒಂದೇ. ಸೈಟು ಪಂಚಾಯಿತಿ ಗಡಿಯಲ್ಲಿದ್ದರೆ ಇ-ಖಾತಾ ಕೈಗೆ ಬರುವ ತನಕ ಅಡ್ವಾನ್ಸ್ ಕೊಡಬೇಡಿ.

ನನ್ನ ಮತ ತುಮಕೂರಿಗೆ. ಕೆಲಸ ಕೋಲಾರದ ಹತ್ತಿರದ ನರಸಾಪುರದ ಫ್ಯಾಕ್ಟರಿಯಲ್ಲಾದರೆ ಮಾತ್ರ ಕೋಲಾರವೇ ಸರಿ. ಆಗ ದೊಡ್ಡ ಸಂಪು, ಮಳೆನೀರು ಕೊಯ್ಲಿನ ಖರ್ಚನ್ನೂ ಬಜೆಟ್ಟಿಗೆ ಸೇರಿಸಿಕೊಳ್ಳಿ.